ಗುಳ್ಳೆ ನಿಂತ ಹೊತ್ತು

ಹೋದ ತಿಂಗಳು ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ನನ್ನ ಶ್ವಾಸಕೋಶದ ಪರೀಕ್ಷೆ ಮಾಡಿದರು. ನಾನು ಹಿಟ್ಟಿನ ಗಿರಣಿ ನಡೆಸುವವನು, ಎರಡು ತಿಂಗಳಿಂದ ಕೆಮ್ಮು ಬಿಟ್ಟಿರಲಿಲ್ಲ. ಮೂಗಿಗೆ ಒಂದು ಚಿಮುಟ ಹಾಕಿ ಮುಚ್ಚಿದರು. ಬಾಯಿಗೆ ರಬ್ಬರಿನ ಕೊಳವೆ ಕೊಟ್ಟು ಹಲ್ಲಿನಿಂದ ಕಚ್ಚಿ ಹಿಡಿಯಲು ಹೇಳಿದರು. ಯಂತ್ರದ ಮುಂದೆ ಕೂತ ಹುಡುಗಿ, "ಹಿಡಕೋಬ್ಯಾಡ್ರಿ ಅಣ್ಣಾರ, ಬಿಡ್ರಿ, ಬಿಡ್ರಿ, ಇನ್ನೂ ಬಿಡ್ರಿ" ಎಂದಳು. ರಬ್ಬರಿನ ರುಚಿ ನಾಲಿಗೆಗೆ ತಾಗಿದ್ದೇ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಪರೀಕ್ಷೆ ಮೂರು ಸಲ ಕೆಟ್ಟಿತು. ಆ ಹುಡುಗಿ ನೀರು ತಂದುಕೊಟ್ಟು, "ಯಾಕ್ರಿ, ಇಷ್ಟ್ಯಾಕ ಅಂಜ್ತೀರಿ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಕಂಡದ್ದನ್ನಷ್ಟೇ ಬರೆಯುತ್ತೇನೆ. ಕಾಣದಿದ್ದಲ್ಲಿ ಕಾಣಲಿಲ್ಲ ಎಂದೇ ಬರೆಯುತ್ತೇನೆ.

ಅದು ಎರಡು ಸಾವಿರದ ಐದರ ದಸರೆಯಿಂದ ಮರುವರ್ಷದ ಮಳೆಗಾಲದವರೆಗಿನ ಮಾತು. ಆ ಎಂಟು ತಿಂಗಳು ನಾನೂ ನನ್ನ ಸೋದರಮಾವ ಯಮನಪ್ಪನೂ ಗೋವಾದ ವಾಸ್ಕೋದಲ್ಲಿ ಸಮುದ್ರದ ತಳಕ್ಕೆ ಇಳಿಯುವ ಕೆಲಸ ಮಾಡಿದೆವು. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್, ಬಾಯಲ್ಲಿ ರಬ್ಬರ್ ಕೊಳವೆ, ಕಾಲಿಗೆ ಕಪ್ಪೆಯ ಪಾದದಂಥ ರಬ್ಬರಿನ ಈಜುಪಾದ.

ಬಾದಾಮಿ ಕಡೆಯ ನಮ್ಮೂರಲ್ಲಿ ಮಾವ ಬಾವಿಗೆ ಬಿದ್ದ ಕೊಡ ತೆಗೆಯುವವನು. ಪಾತಾಳಗರಡಿಯ ಕೊಕ್ಕೆಗೆ ಸಿಗದ ಕೊಡ, ಬಿಂದಿಗೆ, ಒಮ್ಮೆ ಪಂಪಿನ ಕಬ್ಬಿಣದ ತುಂಡು, ಎಲ್ಲಕ್ಕೂ ಅವನನ್ನೇ ಕರೆಯುತ್ತಿದ್ದರು. ಅವನು ಎದೆ ತುಂಬ ಉಸಿರೆಳೆದು ಹಾರಿದ ಕೂಡಲೇ ಕಟ್ಟೆಯ ಮೇಲೆ ನಿಂತವರು ಗಟ್ಟಿಯಾಗಿ ಎಣಿಸಲು ಶುರು ಮಾಡುತ್ತಿದ್ದರು. ಅದು ನಮ್ಮೂರಿನ ರೂಢಿ. ನೂರಾದ ಮೇಲೆ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮಾವ ಒಮ್ಮೆ ಇನ್ನೂರು ದಾಟಿಸಿದ್ದ. ಆ ಲೆಕ್ಕ ಊರಿಗೆಲ್ಲ ಬಾಯಿಪಾಠವಾಗಿತ್ತು. ಇಷ್ಟು ಉಸಿರು ಹಿಡಿಯಬಲ್ಲವನು ಎಂಬುದೇ ಅವನ ಹೆಸರು.

ವಾಸ್ಕೋಕ್ಕೆ ಬಂದ ಮೇಲೆ ಅವನು ಬಾರ್ಜುಗಳ ತಳ ಕೆರೆಯುತ್ತಿದ್ದ. ಅದಿರು ಹೊತ್ತು ಓಡಾಡುವ ಆ ದೋಣಿಗಳ ಹೊಟ್ಟೆಗೆ ಅಂಟಿದ ಚಿಪ್ಪುಗಳನ್ನು ದಿನವಿಡೀ ಕಬ್ಬಿಣದ ಪಟ್ಟಿಯಿಂದ ಕೆರೆದು ಕೆಡವುವ ಕೆಲಸ. ಸಂಜೆಗೆ ಅದಿರಿನ ಧೂಳಿಗೆ ಕೂದಲು, ಕಿವಿ, ಉಗುಳು ಎಲ್ಲ ಕೆಂಪು. ವಾಸ್ಕೋದ ಬಾಯ್ನಾ ದಂಡೆಯಲ್ಲಿದ್ದ ನಮ್ಮ ಜನರ ಮನೆಗಳನ್ನು ಸರಕಾರ ಕೆಡವಿದ ಮೇಲೆ ನಾನು, ಮಾವ, ಮಾವನ ಹೆಂಡತಿ ಅತ್ತಿ ಮೂವರೂ ಕೊರ್ತಾಲಿಮ್‌ನ ತಗಡಿನ ಖೋಲಿಯೊಂದಕ್ಕೆ ಬಂದಿದ್ದೆವು. ಅಲ್ಲಿಂದ ದಿನಾ ಬಸ್ಸು ಹಿಡಿದು ವಾಸ್ಕೋಕ್ಕೆ ಹೋಗುತ್ತಿದ್ದೆವು.

ಒಂದು ದಿನ ಜೆಟ್ಟಿಯಲ್ಲಿ ಒಂದು ಬೋಟಿನ ತಳದ ಪಂಖಕ್ಕೆ ಹಗ್ಗ ಸುತ್ತಿಕೊಂಡು ಎಂಜಿನ್ ನಿಂತಿತು. ಮಾವ ಬಾಯಲ್ಲಿ ಚಾಕು ಕಚ್ಚಿಕೊಂಡು ಇಳಿದು ಒಂದೇ ಉಸಿರಿನಲ್ಲಿ ಹಗ್ಗ ಕತ್ತರಿಸಿ ಮೇಲೆ ಬಂದ. ಆ ಬೋಟಿನ ಯಜಮಾನ ಸೆಬಿ. ಮಾವನ ವಾರಿಗೆಯ ಗೋವಾದವನು. ಪ್ರವಾಸಿಗರನ್ನು ದ್ವೀಪದ ಬಳಿ ಕರೆದೊಯ್ದು ನೀರೊಳಗೆ ಇಳಿಸಿ ಮೀನು ತೋರಿಸುವುದು ಅವನ ಉದ್ಯೋಗ. ಬಂದರಿನ ನಮ್ಮ ಜನರಿಂದ ಕನ್ನಡ ಕಲಿತಿದ್ದ, ಅದರಲ್ಲೂ 'ರೀ'ಯನ್ನು ಚೆನ್ನಾಗಿ ಕಲಿತಿದ್ದ. ಹೊಗೆಯುಗುಳುವ ಎಂಜಿನ್ನಿಗೂ "ಶುರು ಆಗ್ರಿ, ಸಾಕು ಮಾಡ್ರಿ ನಾಟಕಾ" ಎನ್ನುತ್ತಿದ್ದ. ನಾವು ಅವನನ್ನು ಗೋವಾದ ಪದ್ಧತಿಯಂತೆ ಬಾಬ್ ಎಂದು ಕರೆಯುತ್ತಿದ್ದೆವು.

ಸೆಬಿ ನಮ್ಮಿಬ್ಬರನ್ನೂ ಕೆಲಸಕ್ಕೆ ಕರೆದ. ಎರಡು ವಾರ ಕಲಿಸಿದ. ಮೊದಲನೆಯ ದಿನ ಕಲಿಸಿದ್ದು ಒಂದೇ ಪಾಠ. ಅವನು ಹನ್ನೆರಡು ಮೀಟರಿನ ತಳಕ್ಕೆ ನಮ್ಮನ್ನು ಕರೆದೊಯ್ದು, ತನ್ನ ಕೊಳವೆಯಿಂದಲೇ ಒಂದು ಬಲೂನಿಗೆ ಗಾಳಿ ಊದಿ, ಬಾಯಿ ಕಟ್ಟಿ ಬಿಟ್ಟ. ಅದು ಮೇಲೇರಿದಂತೆ ತಾನೇ ಉಬ್ಬುತ್ತ ಹೋಗಿ, ನೀರಿನ ಮೇಲ್ಮೈ ಮುಟ್ಟುವ ಮೊದಲೇ ಒಡೆಯಿತು. ಬೋಟಿಗೆ ಹತ್ತಿದ ಮೇಲೆ ಹೇಳಿದ:

"ನೋಡಿದ್ರಿಲ್ಲ? ನಿಮ್ಮ ಎದಿ ಅದೇ ಬಲೂನ್. ಬಾವ್ಯಾಗ ನೀವು ಮ್ಯಾಲಿನ ಗಾಳಿ ತಗೊಂಡು ಕೆಳಗ ಹೋಗ್ತೀರಿ, ಅದು ಬ್ಯಾರೆ. ಇಲ್ಲಿ ಕೆಳಗಿನ ಗಾಳಿ ತಗೊಂಡು ಮ್ಯಾಲೆ ಬರ್ತೀರಿ. ಹಿಡ್ಕೊಂಡು ಬಂದ್ರ ಒಡೀತದ. ಬಿಡ್ತಾ ಇರ್ರಿ. ಹಿಡಿದದ್ದು ಒಂದು ಸಲ ಕಂಡರೂ ಅವತ್ತಿಗೇ ನಿಮಗ ನೀರು ಬಂದ್."

ಮಾವ ನನ್ನ ಕಿವಿಯಲ್ಲಿ, "ಬುಗ್ಗಿ ಒಡೀತದ ಖರೇ. ಮನಶಾ ಒಡೀತಾನೇನಲೇ ಬಸು?" ಎಂದು ನಕ್ಕ.

ನಾನೂ ನಕ್ಕೆ.

ಅಕ್ಟೋಬರಿನಲ್ಲಿ ನೀರು ಇನ್ನೂ ಹೊಳೆಯ ಮಣ್ಣಿನಿಂದ ರಾಡಿ. ಚಾಚಿದ ಕೈಯ ಬೆರಳು ಕಾಣುತ್ತಿರಲಿಲ್ಲ. ದೀಪಾವಳಿ ಕಳೆದು ಗಾಳಿ ತಿರುಗಿದ ಮೇಲೆ ನೀರು ದಿನದಿಂದ ದಿನಕ್ಕೆ ತಿಳಿಯಾಯಿತು. ಒಂದು ಬೆಳಿಗ್ಗೆ ನಾನು ಕೆಳಗಿಳಿಯುತ್ತಿದ್ದಾಗ ಇಡೀ ಬಂಡೆ, ಅದರ ಮೇಲಿನ ಹಳದಿ ಮೀನಿನ ಗುಂಪು, ಅದರಾಚೆ ಮುಳುಗಿದ ಹಳೆಯ ಹಡಗಿನ ಪಕ್ಕೆಲುಬುಗಳು ಒಟ್ಟಿಗೇ ಕಂಡವು. ನಾನು ಕೊಳವೆಯೊಳಗೇ ನಕ್ಕುಬಿಟ್ಟೆ, ಬಾಯಿಗೆ ಉಪ್ಪುನೀರು ನುಗ್ಗಿತು. ಇಪ್ಪತ್ತಮೂರು ವರ್ಷದವನಿಗೆ ಬೇರೆ ಇನ್ನೇನು ಬೇಕು? ಕೆಲಸಕ್ಕೆ ಹೋಗುವುದೆಂದರೆ ಹಾರಲು ಹೋಗುವುದು ಎಂಬಂತಾಯಿತು.

ಪ್ರವಾಸಿಗರ ಸಾಲಿನ ಮುಂದೆ ಸೆಬಿ, ಹಿಂದೆ ನಾವಿಬ್ಬರು ಜೋಡಿ. ಜೋಡಿ ಎಂದರೆ ಒಬ್ಬನ ಜೀವಕ್ಕೆ ಇನ್ನೊಬ್ಬ. ಮೇಲೆ ಬಂದ ಮೇಲೆ ಸೆಬಿ ಪ್ರತಿಯೊಬ್ಬರನ್ನೂ "ಎಷ್ಟು ಉಳೀತ್ರಿ?" ಎಂದು ಕೇಳುತ್ತಿದ್ದ. ಸಿಲಿಂಡರಿನ ಗಾಳಿ ತೋರಿಸುವ ಮುಳ್ಳು ಇಳಿಯುವಾಗ ಇನ್ನೂರರ ಮೇಲಿರುತ್ತದೆ. ಪ್ರವಾಸಿಗರದು ಅರವತ್ತಕ್ಕೆ ಬಂದಿರುತ್ತಿತ್ತು, ನನ್ನದು ತೊಂಬತ್ತಕ್ಕೆ. ಮಾವ ಯಾವಾಗಲೂ ಕೊನೆಗೆ ಹೇಳುತ್ತಿದ್ದ, "ನೂರಾ ನಲವತ್ತು." ಬೋಟಿನವರೆಲ್ಲ ತಿರುಗಿ ನೋಡುತ್ತಿದ್ದರು. ಬಂದವರು ಅವನ ಭುಜ ತಟ್ಟುತ್ತಿದ್ದರು. ಅವನು ತಲೆ ತಗ್ಗಿಸಿ ಈಜುಪಾದ ಬಿಚ್ಚುತ್ತಿದ್ದ. ಆದರೆ ಅವನ ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು.

ಆ ನೂರಾ ನಲವತ್ತು ಹೇಗೆ ಬರುತ್ತದೆಂದು ಗೊತ್ತಿದ್ದವನು ನಾನೊಬ್ಬನೇ. ಉಸಿರು ಬಿಟ್ಟಾಗ ಗುಳ್ಳೆಗಳು ದೊಡ್ಡ ಸದ್ದಿನೊಡನೆ ಮೇಲೇರುತ್ತವೆ. ಮಾವನ ಗುಳ್ಳೆ ಒಮ್ಮೆ ಬಂದರೆ ಮತ್ತೆ ಬರುವಷ್ಟರಲ್ಲಿ ನಾನು ಇಪ್ಪತ್ತೈದು, ಮೂವತ್ತು ಎಣಿಸಿರುತ್ತಿದ್ದೆ. ಬಸ್ಸಿನಲ್ಲಿ ಒಂದೆರಡು ಸಲ ಹೇಳಿದೆ, "ಮಾವಾ, ಹಿಡೀಬ್ಯಾಡ್ರಿ. ಬಾಬ್ ನೋಡಿದ್ರ ಕೆಲಸ ಹೋಗ್ತದ."

"ಮ್ಯಾಲೆ ಬರೂಮುಂದ ಬಿಡ್ತೇನೆಲ್ಲ. ತಳದಾಗ ಹಿಡಿದ್ರ ಏನಾಕ್ಕೈತಿ?"

"ಆದ್ರೂ..."

"ಲೇ ತಮ್ಮಾ, ಬಾರ್ಜ್ ಕೆರಿಯೂದ್ರಾಗ ನಾ ಇಪ್ಪತ್ತು ಮಂದ್ಯಾಗ ಒಬ್ಬ. ಇಲ್ಲಿ ನಾ ಯಮನಪ್ಪ. ಸುಮ್ನಿರು."

ಜನವರಿಯಲ್ಲಿ ಸೆಬಿ ನನ್ನನ್ನು ಜೆಟ್ಟಿಯ ತುದಿಗೆ ಕರೆದು ನೇರವಾಗಿ ಕೇಳಿದ, "ನಿಮ್ಮ ಮಾವ ಉಸರು ಹಿಡೀತಾರೇನ್ರಿ?"

"ಇಲ್ಲ ಬಾಬ್. ಅವರ ಉಸರಽ ಸಣ್ಣದು" ಎಂದೆ.

ಈ ಸುಳ್ಳನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ. ನಾನು ಅವತ್ತು ಹೌದು ಎಂದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಮೊದಲ ಶಾರ್ಕ್ ಕಂಡದ್ದು ಅದೇ ತಿಂಗಳು. ಬಂಡೆಯ ಸಂದಿಯಲ್ಲಿ ಮಲಗಿತ್ತು, ನನ್ನ ತೋಳಿನಷ್ಟು ಉದ್ದ, ಬೂದುಗಂದು, ಬೆಕ್ಕಿನಂಥ ಮೀಸೆ. ಒಬ್ಬ ಪ್ರವಾಸಿ ಅದನ್ನು ಕಂಡು ಕೈಕಾಲು ಬಡಿದು ಕೆಸರೆಬ್ಬಿಸಿದ. ಖೋಲಿಗೆ ಬಂದು ಒಂದೇ ಉಸಿರಿಗೆ ಹೇಳಿದರೆ ಅತ್ತಿ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ಮೋರಿ ಮೀನೇನು? ಮಾರ್ಕೆಟ್ಟಿನಾಗ ಬುಟ್ಟಿಗಟ್ಟಲೆ ಬಿದ್ದಾವ. ಅದನ್ನ ನೋಡಾಕ ಬೆನ್ನಿಗೆ ಗ್ಯಾಸಿನ ಸಿಲಿಂಡರ್ ಕಟಗೊಂಡು ಹೋಗ್ತಾರ? ನಾ ಕುಂತಲ್ಲೇ ತೋರಸ್ತೇನಿ, ಕರಕೊಂಡು ಬರ್ರಿ ಅವರನ್ನ."

"ಅವು ಸತ್ತಾವ. ಇದು ಜೀವಂತ ಐತಿ" ಎಂದ ಮಾವ.

"ಜೀವಂತ ಇದ್ದದ್ದು ನಿಮ್ಮನ್ನ ನೋಡಿ ಏನಂತು?"

"ಮಲಗಿತ್ತು."

"ಶಾಣ್ಯಾ ಐತಿ" ಎಂದು ಅತ್ತಿ ರೊಟ್ಟಿ ತಿರುವಿ ಹಾಕಿದಳು.

ಮಾರ್ಚಿನ ಮೊದಲ ವಾರ ಮೀನುಗಾರರು ಸುದ್ದಿ ತಂದರು. ದ್ವೀಪದ ಪಡುವಣ ಮಗ್ಗುಲಿಗೆ, ಹೊರಗಡಲಿನಲ್ಲಿ ಒಂಟಿಯಾಗಿ ನಿಂತ ಬಂಡೆಯ ಬಳಿ ಬಲೆಗಳು ಹರಿಯುತ್ತಿವೆ, ಗಾಳಕ್ಕೆ ಸಿಕ್ಕ ಮೀನಿನ ತಲೆಯಷ್ಟೇ ಮೇಲೆ ಬರುತ್ತಿದೆ ಎಂದು. ಸೆಬಿಯ ಕಣ್ಣು ಹೊಳೆದವು. ಚೆನ್ನಾಗಿ ಪಳಗಿದ ಇಬ್ಬರು ಪ್ರವಾಸಿಗರನ್ನಷ್ಟೇ ಆರಿಸಿದ, ಪುಣೆಯಿಂದ ಬಂದ ಗಂಡ ಹೆಂಡತಿ. ಮರುದಿನ ಬೆಳಿಗ್ಗೆ ಏಳಕ್ಕೆ ಹೊರಟೆವು. ಸಮುದ್ರ ಎಣ್ಣೆ ಸವರಿದಂತೆ ನುಣ್ಣಗಿತ್ತು. ಮಾವ ಹಾಡು ಗುನುಗುತ್ತ ಎಲ್ಲರ ಸಿಲಿಂಡರಿನ ಪಟ್ಟಿ ಬಿಗಿದ.

ಇಳಿದಾಗ ನೀರು ಆ ವರ್ಷ ಕಂಡಷ್ಟರಲ್ಲಿ ಅತಿ ತಿಳಿಯಾಗಿತ್ತು. ಹದಿನೈದು ಹೆಜ್ಜೆಯಾಚೆಗೂ ಕಾಣುತ್ತಿತ್ತು, ಅದರಾಚೆ ನೀಲಿ ಮಬ್ಬು. ಹದಿನಾಲ್ಕು ಮೀಟರಿನಲ್ಲಿ ಬಂಡೆಯ ಅಂಚಿಗೆ ಸಾಲಾಗಿ ಮೊಣಕಾಲೂರಿದೆವು. ಎಡಕ್ಕೆ ಸೆಬಿ, ಅವನ ಪಕ್ಕ ಆ ದಂಪತಿ, ನಂತರ ನಾನು. ಬಲತುದಿಗೆ, ನನಗಿಂತ ಎರಡು ಮಾರು ಮುಂದೆ, ಮಾವ. ಅವನ ಬೆನ್ನು, ಸಿಲಿಂಡರು, ತಲೆಯ ಹಿಂಭಾಗ ನನಗೆ ಕಾಣುತ್ತಿದ್ದವು. ಮುಖ ಕಾಣುತ್ತಿರಲಿಲ್ಲ.

ಮೊದಲು ಸಣ್ಣ ಮೀನುಗಳು ಹೋದವು. ಸಾವಿರಾರು ಇದ್ದವು, ಯಾರೋ ದೀಪ ಆರಿಸಿದಂತೆ ಒಮ್ಮೆಗೇ ಬಂಡೆಯೊಳಗೆ ಇಲ್ಲವಾದವು. ಆಮೇಲೆ ಮಬ್ಬಿನ ಅಂಚಿನಲ್ಲಿ ಒಂದು ನೆರಳು ಎಡದಿಂದ ಬಲಕ್ಕೆ ದಾಟಿತು. ಇನ್ನೊಂದು ಬಲದಿಂದ ಎಡಕ್ಕೆ. ಮೂರನೆಯದು ಬಂದಾಗ ಅವು ನೆರಳಲ್ಲ ಎಂದು ತಿಳಿಯಿತು. ಬೂದು ಬೆನ್ನು, ಬಿಳಿ ಹೊಟ್ಟೆ, ಬೆನ್ನಿನ ರೆಕ್ಕೆಯ ತುದಿಗೆ ಮಸಿ ಅದ್ದಿದಂತೆ ಕಪ್ಪು. ಮೂರೂ ನಮ್ಮನ್ನು ನಡುವೆ ಇಟ್ಟು ಸುತ್ತತೊಡಗಿದವು. ಅವಸರವೇ ಇರಲಿಲ್ಲ. ಬಾಲದ ಒಂದು ಅಲುಗಾಟಕ್ಕೆ ಅಷ್ಟು ದೂರ ಹೋಗುತ್ತಿದ್ದವು. ನನಗೆ ಭಯವಾಯಿತೇ ಎಂದು ಆಮೇಲೆ ಹಲವರು ಕೇಳಿದ್ದಾರೆ. ಭಯವಾಯಿತು. ಆದರೆ ಅದಕ್ಕಿಂತ ಮೊದಲು, ಅದಕ್ಕಿಂತ ಹೆಚ್ಚಾಗಿ, ನಾನು ಇನ್ನೂ ಇನ್ನೂ ನೋಡಬೇಕೆಂದುಕೊಂಡೆ. ಮೈಯೆಲ್ಲ ಕಣ್ಣಾಗಿತ್ತು.

ನಮ್ಮ ನಾಲ್ವರ ಗುಳ್ಳೆಗಳು ಕುದಿಯುವ ಹಂಡೆಯಂತೆ ಸದ್ದು ಮಾಡುತ್ತಿದ್ದವು. ಎಡಕ್ಕೆ ಬಂದಾಗಲೆಲ್ಲ ಶಾರ್ಕುಗಳು ಆ ಸದ್ದಿಗೆ ದೂರ ಸರಿದು ಹೋಗುತ್ತಿದ್ದವು. ಬಲಕ್ಕೆ ಬಂದಾಗ ಸರಿಯುತ್ತಿರಲಿಲ್ಲ. ಎರಡನೆಯ ಸುತ್ತಿಗೆ ಅದನ್ನು ಗಮನಿಸಿದೆ. ಮೂರನೆಯ ಸುತ್ತಿಗೆ ಕಾರಣ ತಿಳಿಯಿತು. ಮಾವನ ತಲೆಯ ಮೇಲೆ ನೀರು ಸ್ವಚ್ಛವಾಗಿತ್ತು. ಅಲ್ಲಿ ಒಂದೂ ಗುಳ್ಳೆ ಇರಲಿಲ್ಲ.

ನಾನು ಎಣಿಸಲು ಶುರು ಮಾಡಿದೆ.

ಇಪ್ಪತ್ತು ಎನ್ನುವಾಗ ಮೂರರಲ್ಲಿ ದೊಡ್ಡದು ಸುತ್ತು ಬಿಟ್ಟು ಒಳಗೆ ತಿರುಗಿತು. ನೇರ ಮಾವನ ಕಡೆಗೆ ಬಂತು. ಅದು ಏಳಡಿ ಇತ್ತೆಂದು ಪುಣೆಯವರು ಹೇಳಿದರು. ನನ್ನ ಲೆಕ್ಕಕ್ಕೆ ಐದೂವರೆ, ಹೆಚ್ಚೆಂದರೆ ಆರು. ಬಾಯಿ ಸ್ವಲ್ಪ ತೆರೆದಿತ್ತು. ಬಾಯಿಯ ಎಡಮೂಲೆಗೆ ತುಕ್ಕು ಹಿಡಿದ ಗಾಳವೊಂದು ಚುಚ್ಚಿಕೊಂಡಿತ್ತು, ಅದರಿಂದ ಗೇಣುದ್ದ ತಂಗೂಸಿ ದಾರ ತೇಲುತ್ತಿತ್ತು. ಕಿವಿರಿನ ಸೀಳು ಐದು. ಹೊಟ್ಟೆಗೆ ಅಂಟಿಕೊಂಡು ಒಂದು ಸಣ್ಣ ಮೀನು ಸವಾರಿ ಮಾಡುತ್ತಿತ್ತು. ಮಾವನ ಈಜುಗನ್ನಡಕದ ಗಾಜಿನಿಂದ ಒಂದು ಮೊಳ ದೂರಕ್ಕೆ ಬಂದು, ಅಲ್ಲಿ ಮೈ ವಾಲಿಸಿ, ಒಂದು ಕಣ್ಣಿನಿಂದ ಅವನನ್ನು ನೋಡುತ್ತ ದಾಟಿತು. ಎಷ್ಟು ಹತ್ತಿರವೆಂದರೆ ಅದರ ಮೈ ತಳ್ಳಿದ ನೀರಿಗೆ ಮಾವನ ಕೂದಲು ಒಂದು ಕಡೆ ಬಾಗಿ ಮತ್ತೆ ನಿಂತಿತು.

ನಲವತ್ತು.

ಆಗ ಕಂಡಿತು. ಮಾವನ ಮೊಣಕಾಲು ಬಂಡೆಯ ಮೇಲಿರಲಿಲ್ಲ. ಎದೆ ತುಂಬ ಗಾಳಿ ಹಿಡಿದವನ ಮೈ ನೀರಿನಲ್ಲಿ ತಾನೇ ಏಳುತ್ತದೆ, ಎದ್ದಂತೆ ಇನ್ನೂ ಬೇಗ ಏಳುತ್ತದೆ. ಅವನ ಕಾಲು ಅಲುಗಲಿಲ್ಲ, ಕೈ ಅಲುಗಲಿಲ್ಲ. ಕೂತ ಭಂಗಿಯಲ್ಲೇ ಮೇಲೆ ಹೋಗುತ್ತಿದ್ದ. ತಾನು ಏಳುತ್ತಿರುವುದು ಅವನಿಗೆ ಗೊತ್ತಿರಲಿಲ್ಲ.

ನನಗೆ ಬಲೂನು ಕಣ್ಣ ಮುಂದೆ ಬಂತು.

ಬಂಡೆಯನ್ನು ಒದ್ದು ಮೇಲೆ ಹಾರಿದೆ. ನಡುವೆ ಶಾರ್ಕ್ ಇತ್ತೋ ಇಲ್ಲವೋ ನೋಡಲಿಲ್ಲ, ಅದನ್ನು ಹೇಳಲಾರೆ. ಅವನ ಒಂದು ಕಾಲು ಸಿಕ್ಕಿತು. ಎಳೆದರೂ ಇಳಿಯಲಿಲ್ಲ, ನನ್ನನ್ನೂ ಎತ್ತಿಕೊಂಡು ಹೋಗುತ್ತಿದ್ದ. ಅವನ ಮೈ ಹಿಡಿದು ಹತ್ತಿ, ಹೊಟ್ಟೆಗೆ, ಎದೆಗೂಡಿನ ಕೆಳಗೆ, ಮೊಣಕೈಯಿಂದ ಎರಡು ಸಲ ಗುದ್ದಿದೆ. ಎರಡನೆಯ ಗುದ್ದಿಗೆ ಅವನ ಬಾಯಿಂದ ಗುಳ್ಳೆಗಳು ಸಿಡಿದವು, ಬೆಳ್ಳಗೆ, ನನ್ನ ಮುಖ ಮುಚ್ಚುವಷ್ಟು. ಆ ಸದ್ದಿಗೆ ಮೂರೂ ಶಾರ್ಕುಗಳು ಒಂದೇ ಕ್ಷಣದಲ್ಲಿ ಇಲ್ಲವಾದವು. ಹೋದದ್ದು ಕೂಡ ಕಾಣಲಿಲ್ಲ. ನನ್ನ ಕೈಯ ಆಳಮಾಪಕ ಎಂಟು ಮೀಟರ್ ತೋರಿಸುತ್ತಿತ್ತು. ಅವನ ಭುಜ ಹಿಡಿದುಕೊಂಡು, ನನ್ನ ಮುಖ ಅವನ ಮುಖಕ್ಕೆ ಎದುರಾಗಿಟ್ಟು, ನಾನು ಬಿಟ್ಟಂತೆ ಅವನೂ ಬಿಡುವಂತೆ ಮಾಡುತ್ತ ನಿಧಾನವಾಗಿ ಮೇಲೆ ಕರೆತಂದೆ.

ಬೋಟಿನಲ್ಲಿ ಪುಣೆಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ನಗುತ್ತ ಅಳುತ್ತಿದ್ದರು. ಹೆಂಡತಿ ಮಾವನ ಕಡೆ ಬೆರಳು ತೋರಿಸಿ, ಇಂಥ ಧೈರ್ಯದ ಮನುಷ್ಯನನ್ನು ಕಂಡೇ ಇಲ್ಲ ಎಂದು ಹಿಂದಿಯಲ್ಲಿ ಮತ್ತೆ ಮತ್ತೆ ಹೇಳಿದಳು. ಶಾರ್ಕ್ ಮೂಗಿಗೆ ಮೂಗು ತಂದರೂ ಮಿಸುಕಲಿಲ್ಲವಂತೆ. ಮಾವ ಪಕ್ಕದ ಹಲಗೆಗೆ ಒರಗಿ ಕೂತಿದ್ದ.

"ಎಷ್ಟು ಉಳೀತ್ರಿ?" ಎಂದ ಸೆಬಿ. ಅವನು ನಗುತ್ತಿರಲಿಲ್ಲ.

"ನೂರಾ ಅರವತ್ತು" ಎಂದ ಮಾವ.

ಅದು ಮಾವನ ದನಿಯಾಗಿರಲಿಲ್ಲ. ಮೂಗಿನಿಂದ ಬಂದ, ಹೆಣ್ಣುಮಗುವಿನಂಥ ತೆಳ್ಳನೆಯ ದನಿ. ಅವನಿಗೂ ಅದು ಕೇಳಿತು. ಕೈ ಕುತ್ತಿಗೆಗೆ ಹೋಯಿತು. "ಏನೂ ಆಗಿಲ್ರಿ, ನೀರು ಕುಡದೆ" ಎಂದ ಅದೇ ದನಿಯಲ್ಲಿ.

ಸೆಬಿ ನನ್ನ ಕಡೆ ತಿರುಗಿದ. "ಬಸು, ಹಿಡಿದ್ರೇನು?"

ಮಾವ ನನ್ನನ್ನೇ ನೋಡುತ್ತಿದ್ದ. ಹೇಳಬೇಡ ಎಂದು ತಲೆ ಆಡಿಸಲಿಲ್ಲ, ಬರೀ ನೋಡುತ್ತಿದ್ದ. ನಾನು ಹೌದೆಂದರೆ ಅವನ ನೀರು ಹೋಯಿತು. ಇಲ್ಲವೆಂದರೆ ಏನು ಹೋಗುತ್ತದೆಂದು ಆ ದನಿ ಹೇಳುತ್ತಿತ್ತು.

"ಹಿಡಿದ್ರು ಬಾಬ್. ಇವತ್ತೊಂದ ದಿನ ಅಲ್ಲ, ದಿನಾ ಹಿಡೀತಿದ್ರು. ಜನವರ್ಯಾಗ ನಾ ನಿಮಗ ಸುಳ್ಳು ಹೇಳಿದ್ದೆ."

ಸೆಬಿ ಮಾವನನ್ನು ಮಲಗಿಸಿ, ಬೋಟಿನಲ್ಲಿದ್ದ ಆಮ್ಲಜನಕದ ಮುಖವಾಡ ಹಾಕಿ, ಎಂಜಿನ್ ಪೂರ್ತಿ ಬಿಟ್ಟ. ಮಾವನ ಕುತ್ತಿಗೆಯ ಮೇಲೆ ನನ್ನ ಬೆರಳಿಡಿಸಿ ಒತ್ತಲು ಹೇಳಿದ. ಚರ್ಮದ ಕೆಳಗೆ ಚುರುಮುರಿ ಹಿಸುಕಿದಂತೆ ಸಣ್ಣಗೆ ಚರಚರ ಎಂದಿತು. ಅದು ಗಾಳಿ. ಎದೆಯಲ್ಲಿ ಇರಬೇಕಾದದ್ದು ಹೊರಗೆ ಸೋರಿ ಕುತ್ತಿಗೆಗೆ ಏರಿತ್ತು. ಆ ಚರಚರ ಇವತ್ತಿಗೂ ನನ್ನ ತೋರುಬೆರಳಿನಲ್ಲಿದೆ.

ದಾರಿಯ ತುಂಬ ಮಾವ ಕಣ್ಣು ತೆರೆದೇ ಮಲಗಿದ್ದ. ನನ್ನ ಕಡೆ ನೋಡಲಿಲ್ಲ.

ದವಾಖಾನೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು. ಗಾಳಿ ತಾನೇ ಆರಿತು, ದನಿಯೂ ಮರಳಿತು. ಉಸಿರು ಬಿಡದೆ ಇನ್ನೂ ಎರಡು ಮೀಟರ್ ಮೇಲೆ ಬಂದಿದ್ದರೆ ಅದು ತಲೆಗೆ ಏರುತ್ತಿತ್ತು ಎಂದು ಡಾಕ್ಟರರು ಹೇಳಿದರು. ಇನ್ನು ಜೀವಮಾನದಲ್ಲಿ ಸಿಲಿಂಡರ್ ಕಟ್ಟಿ ಇಳಿಯುವಂತಿಲ್ಲ ಎಂದರು. ಅತ್ತಿ ಹಾಸಿಗೆಯ ಪಕ್ಕ ಕೂತು, ಮಾವನಿಗೆ ಬೈಯದೆ, ನನಗೆ ಬೈದಳು. "ಮೂರು ತಿಂಗಳಾತು ಗೊತ್ತಿದ್ದು. ನನಗೊಂದು ಮಾತು ಹೇಳಿದ್ರ ನಿನ್ನ ನಾಲಗಿ ಸವೀತಿತ್ತೇನು?"

ಸೆಬಿ ಮಾವನನ್ನು ಬಿಡಲಿಲ್ಲ. ಸಿಲಿಂಡರಿಗೆ ಗಾಳಿ ತುಂಬುವ ಯಂತ್ರದ ಮುಂದೆ ಕೂರಿಸಿದ. ಮಾವ ದಿನಾ ಬರುತ್ತಿದ್ದ, ಯಂತ್ರ ನಡೆಸುತ್ತಿದ್ದ. ನನ್ನೊಡನೆ ಮಾತಿರಲಿಲ್ಲ. ಒಂದೇ ಬಸ್ಸು, ಒಂದೇ ಸೀಟು, ಒಂದೇ ಖೋಲಿ. "ಉಪ್ಪು ಕೊಡು" ಎನ್ನುವುದನ್ನೂ ಅತ್ತಿಯ ಮೂಲಕ ಹೇಳುತ್ತಿದ್ದ. ಅತ್ತಿ, "ನಾನೇನು ಪೋಸ್ಟಿನಾಕೀನಾ?" ಎಂದು ಉಪ್ಪಿನ ಡಬ್ಬಿಯನ್ನು ಇಬ್ಬರ ನಡುವೆ ಕುಕ್ಕುತ್ತಿದ್ದಳು.

ಶಾರ್ಕಿನ ಸುದ್ದಿ ಮಾತ್ರ ಹಬ್ಬಿತ್ತು. ಬಂದರಿನ ನಮ್ಮ ಜನ, ಕೊರ್ತಾಲಿಮ್‌ನ ಗಾರೆ ಕೆಲಸದವರು ಕತೆ ಕೇಳಲು ಖೋಲಿಗೆ ಬರುತ್ತಿದ್ದರು. "ಹೇಳ್ರಿ ಯಮನಪ್ಪಣ್ಣ, ಹೆಂಗಿತ್ತು?" ಮಾವ ಪ್ರತಿ ಸಲವೂ ಅಷ್ಟೇ ಹೇಳುತ್ತಿದ್ದ: "ಬಂತು. ನೋಡಿತು. ಹೋತು." ಕೇಳಿದವರು ಆ ಗಾಂಭೀರ್ಯಕ್ಕೆ ಇನ್ನಷ್ಟು ಬೆರಗಾಗುತ್ತಿದ್ದರು. ನನ್ನ ಮೇಲಿನ ಸಿಟ್ಟಿಗೆ ಮಾತು ಕಡಿಮೆಯಾಗಿದೆ ಎಂದು ನಾನು ತಿಳಿದಿದ್ದೆ.

ಮೇ ಕೊನೆಗೆ ಗಾಳಿ ಮತ್ತೆ ತಿರುಗಿತು. ಅಲೆ ಎದ್ದವು. ಬೋಟನ್ನು ದಂಡೆಗೆ ಎಳೆದು, ಮಳೆಗಾಲಕ್ಕೆ ಹೆಣೆದ ತೆಂಗಿನ ಗರಿ ಹೊದಿಸುವ ಕೆಲಸ ನಮ್ಮಿಬ್ಬರಿಗೆ ಬಿತ್ತು. ಬೋಟಿನ ಆ ಬದಿ ಅವನು, ಈ ಬದಿ ನಾನು. ನಾನು ಹಗ್ಗ ಆ ಕಡೆ ಎಸೆದರೆ ಅವನು ಈ ಕಡೆ ಎಸೆಯುತ್ತಿದ್ದ. ಹಾಗೇ ಮಧ್ಯಾಹ್ನವಾಯಿತು. ಮೊದಲ ಹನಿಗಳು ಬಿದ್ದವು. ಇಬ್ಬರೂ ಗರಿಯ ಕೆಳಗೆ ತೂರಿಕೊಂಡು ಕೂತೆವು. ಎದುರಿಗೆ ಸಮುದ್ರ ಹೊಳೆಯ ಮಣ್ಣಿಗೆ ಮತ್ತೆ ಕೆಂಪಾಗುತ್ತಿತ್ತು.

ಮಾವ ಸಮುದ್ರವನ್ನೇ ನೋಡುತ್ತ ಕೇಳಿದ, "ಬಸು, ಅದರ ಕಣ್ಣು ಯಾವ ಬಣ್ಣದ್ದಿತ್ತಲೇ?"

ಮೂರು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ನಾನು ಗಾಬರಿಯಾಗಿ, "ನನಗಿಂತ ನಿಮಗಽ ಹತ್ರ ಇತ್ತಲ್ರಿ ಮಾವಾ" ಎಂದೆ.

ಅವನು ಕೈಯಲ್ಲಿದ್ದ ಹಗ್ಗದ ತುದಿಯನ್ನು ಬಿಚ್ಚಿ ಮತ್ತೆ ಹೊಸೆದ.

"ದೂರದಿಂದ ತಿರುಗಿ ನನ್ನ ಕಡೆ ಬಂತಲ್ಲ, ಅಲ್ಲೀತನಕ ನೋಡೇನಿ. ಆಮ್ಯಾಲೆ ಕಣ್ಣು ಮುಚ್ಚಿದೆ. ನೀ ಗುದ್ದಿದಾಗ ತೆರೆದೆ." ಹಗ್ಗ ಕೆಳಗಿಟ್ಟು ಹೇಳಿದ, "ಅವತ್ತು ನಾ ಉಸರು ಹಿಡದಿದ್ದಿಲ್ಲ, ತಮ್ಮಾ. ಅಂಜಿಕಿಗೆ ಅದಽ ನಿಂತಿತ್ತು."

ಮಳೆ ಜೋರಾಯಿತು. ನಾನು ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಅವನು ಮುಂದೆ ಮಾತಾಡುತ್ತಿರಲಿಲ್ಲ.

"ಮಂದಿ ಕೇಳ್ತಾರ. ಏನಂತ ಹೇಳ್ಲಿ? ಅಷ್ಟು ಹತ್ರ ಬಂದದ್ದು, ನನ್ನ ಸಲುವಾಗಿ ಬಂದದ್ದು, ನಾ ನೋಡಲೇ ಇಲ್ಲ. ನೀ ನೋಡೀದಿ. ಹೇಳು."

ನಾನು ಶುರು ಮಾಡಿದೆ. ಕಣ್ಣು ಬೂದುಬಣ್ಣದ್ದು, ನಡುವೆ ನಿಂತ ಗೆರೆಯಂಥ ಕಪ್ಪು. ಅದರಲ್ಲಿ ಸಿಟ್ಟೂ ಇರಲಿಲ್ಲ, ಹಸಿವೂ ಇರಲಿಲ್ಲ. ಯಾವನಿವನು ಎಂದು ನೋಡುವ ನೋಟವಷ್ಟೇ ಇತ್ತು. ಬಾಯಿ ಮೂಲೆಯ ಗಾಳ ಹೇಳಿದೆ, ಹೊಟ್ಟೆಯ ಮೇಲಿನ ಸವಾರ ಮೀನು ಹೇಳಿದೆ, ಅವನ ಕೂದಲು ಬಾಗಿ ನಿಂತದ್ದು ಹೇಳಿದೆ. ಅದನ್ನು ಕೇಳಿ ಅವನ ಕೈ ತಾನಾಗಿ ತಲೆಯ ಮೇಲೆ ಹೋಯಿತು. ನನ್ನ ದನಿ ಏರುತ್ತ ಹೋಯಿತು, ಮಾತು ಒಂದರ ಮೇಲೊಂದು ಬೀಳತೊಡಗಿದವು.

"ಸಾವಕಾಶ" ಎಂದ ಮಾವ. "ಒಮ್ಮೆ ಮೊದಲಿಂದ ಹೇಳು. ಸಣ್ಣ ಮೀನು ಹೋದದ್ದರಿಂದ."